ಮಸುಕು ಗೆರೆಗೆ ಬಣ್ಣ ಬಳಿದವರು

ಬಯಲುಸೀಮೆಯ ಒಂದು ಊರಿನಲ್ಲಿ ಕ್ರೀಡಾ ಹಾಸ್ಟೆಲ್ ಇತ್ತು. ಅಲ್ಲಿ ಅಂದಾನಪ್ಪ ಎಂಬ ಕೋಚ್ ಇದ್ದರು. ಜಿಗಿತ ಕಲಿಸುವುದರಲ್ಲಿ ಅವರದು ಎತ್ತಿದ ಕೈ. ಅವರ ಹತ್ತಿರ ಕಲಿತ ಹುಡುಗಿಯರು ರಾಜ್ಯದ ತಂಡಕ್ಕೆ ಹೋಗಿದ್ದರು, ಕೆಲವರಿಗೆ ಆಟದ ಬಲದಿಂದಲೇ ನೌಕರಿಯೂ ಸಿಕ್ಕಿತ್ತು.

ಅಂದಾನಪ್ಪನವರ ಪದ್ಧತಿ ಹಳೆಯದು. ಮರಳಿನ ಹೊಂಡದ ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ಜಿಗಿತ ನೋಡುತ್ತಿದ್ದರು. ಯಾರಾದರೂ ಕಾಲುನೋವು ಎಂದರೆ ಗ್ಯಾಲರಿಯ ಮೆಟ್ಟಿಲು ಹತ್ತಿಸಿ ಇಳಿಸುತ್ತಿದ್ದರು. ಇಳಿಯುವಾಗ ಕಾಲು ತುಸು ತಡವರಿಸಿದರೂ ಸಾಕು, ಆ ಹುಡುಗಿಗೆ ರಜೆ. ಇದಕ್ಕೆ ಯಾವ ಯಂತ್ರವೂ ಬೇಕಿರಲಿಲ್ಲ.

ಆಮೇಲೆ ಹಾಸ್ಟೆಲ್ಲಿಗೆ ಒಳ್ಳೆಯ ಕ್ಯಾಮೆರಾ ಬಂತು, ಲ್ಯಾಪ್‌ಟಾಪ್ ಬಂತು, ಓಟ ಜಿಗಿತಗಳನ್ನು ಅಳೆಯುವ ಸಾಫ್ಟ್‌ವೇರ್ ಬಂತು. ಅದನ್ನು ನಡೆಸಲು ಈರೇಶ ಎಂಬ ತರುಣ ಬಂದ. ಕೆಲಸದಲ್ಲಿ ಚುರುಕು, ಮಾತಿನಲ್ಲಿ ವಿನಯ. ದೊಡ್ಡವರು ಹೇಳಿದ್ದಕ್ಕೆ ಇಲ್ಲ ಅಂದವನಲ್ಲ. ಈ ಕೊನೆಯ ಗುಣವನ್ನು ನಮ್ಮಲ್ಲಿ ಎಲ್ಲರೂ ಹೊಗಳುತ್ತಾರೆ, ಅದಕ್ಕೇ ಇದನ್ನು ಇಲ್ಲಿ ಹೇಳಿದ್ದು.

ಸಾಫ್ಟ್‌ವೇರಿನ ಕೆಲಸ ಏನೆಂದು ಈ ಕಥೆ ಕೇಳುವ ಮಕ್ಕಳಿಗೆ ತಿಳಿಯಬೇಕು. ಹುಡುಗಿ ಜಿಗಿಯುವುದನ್ನು ಮೊದಲು ವಿಡಿಯೊ ತೆಗೆಯುತ್ತಾರೆ. ವಿಡಿಯೊದ ಮೊದಲ ಚಿತ್ರದಲ್ಲಿ ಅವಳ ಒಂದೊಂದು ಕೀಲಿನ ಮೇಲೂ ಒಂದೊಂದು ಚುಕ್ಕಿ ಇಡುತ್ತಾರೆ. ಭುಜಕ್ಕೊಂದು, ಮೊಣಕೈಗೊಂದು, ಸೊಂಟಕ್ಕೆ, ಮೊಣಕಾಲಿಗೆ, ಪಾದದ ಹರಡಿಗೆ. ರಂಗೋಲಿಗೆ ಚುಕ್ಕಿ ಇಟ್ಟ ಹಾಗೆಯೇ. ಅಲ್ಲಿಂದ ಮುಂದೆ ಹುಡುಗಿ ಓಡಿದರೆ ಚುಕ್ಕಿಗಳೂ ಅವಳ ಮೈಗೆ ಅಂಟಿಕೊಂಡು ಓಡುತ್ತವೆ. ಯಾವ ಕೀಲು ಎಷ್ಟು ಬಾಗಿತು ಎಂಬುದನ್ನು ಪರದೆಯ ಕೆಳಗೆ ಒಂದು ಗೆರೆ ಏರುತ್ತ ಇಳಿಯುತ್ತ ತೋರಿಸುತ್ತದೆ.

ಆದರೆ ಚುಕ್ಕಿಗೆ ಕಂಡದ್ದಷ್ಟೇ ಗೊತ್ತು. ಒಂದು ಕಾಲು ಇನ್ನೊಂದರ ಹಿಂದೆ ಮರೆಯಾದರೆ ಅದಕ್ಕೆ ದಿಕ್ಕು ತಪ್ಪುತ್ತದೆ. ಸಂತೆಯಲ್ಲಿ ಅವ್ವನ ಸೆರಗು ಬಿಟ್ಟ ಮಗು ಇನ್ಯಾರದೋ ಸೆರಗು ಹಿಡಿದುಕೊಂಡು ಹೊರಟ ಹಾಗೆ, ಬಲಗಾಲಿನ ಚುಕ್ಕಿ ಎಡಗಾಲಿಗೆ ಹೋಗಿ ಅಂಟಿಕೊಳ್ಳುತ್ತದೆ. ಆಗ ಯಂತ್ರ ನಡೆಸುವವನು ತಪ್ಪು ಚುಕ್ಕಿಯನ್ನು ಅಳಿಸಬೇಕು. ಅಳಿಸಿದ ಜಾಗದಲ್ಲಿ ಗೆರೆ ಕಡಿಯುತ್ತದೆ. ಬೇಕಾದರೆ ಒಂದು ಗುಂಡಿ ಒತ್ತಿ ಆ ಜಾಗವನ್ನು ಅಂದಾಜಿನಿಂದ ತುಂಬಿಸಲೂ ಬಹುದು. ಹಾಗೆ ತುಂಬಿಸಿದ ತುಂಡನ್ನು ಸಾಫ್ಟ್‌ವೇರ್ ಮಸುಕು ಬಣ್ಣದಲ್ಲಿ ಎಳೆಯುತ್ತದೆ. ಇಲ್ಲಿ ನನಗೆ ಕಾಣಲಿಲ್ಲ, ಊಹೆ ಮಾಡಿದ್ದೇನೆ ಎಂದು ಅದು ತನ್ನ ಬಾಯಿಂದಲೇ ಒಪ್ಪಿಕೊಂಡ ಲೆಕ್ಕ. ಯಂತ್ರದಲ್ಲಿ ಇಷ್ಟು ಪ್ರಾಮಾಣಿಕತೆ ಇತ್ತು.

ಅಂದಾನಪ್ಪನವರಿಗೆ ಆ ಮಸುಕು ಗೆರೆ ಹಿಡಿಸಲಿಲ್ಲ.

"ಇದೇನಲೇ ಈರೇಶ, ನಡುನಡುವ ಹಲ್ ಬಿದ್ದ ಬಾಯಿ ಕಂಡಂಗ ಕಾಣ್ತೈತಿ?"

"ಅಲ್ಲಿ ಕಾಲು ಮರಿ ಆಗೇತ್ರಿ ಸರ. ಅದು ಅಂದಾಜಿಂದು."

"ಮ್ಯಾಲಿನ ಸಾಹೇಬ್ರು ಬಂದು ನೋಡಿದ್ರ ಅಂದಾಜು ಅಂತ ಹೇಳ್ಲೇನು? ಕೊಡೂದಾದ್ರ ಪೂರಾ ಗೆರಿ ಕೊಡು."

ಈರೇಶ ಇಲ್ಲ ಅನ್ನಲಿಲ್ಲ. ಸೆಟ್ಟಿಂಗಿಗೆ ಹೋಗಿ ಎರಡಕ್ಕೂ ಒಂದೇ ಬಣ್ಣ ಕೊಟ್ಟ. ಅವತ್ತಿನಿಂದ ಕಂಡದ್ದೂ ಕಡುನೀಲಿ, ಕಾಣದ್ದೂ ಕಡುನೀಲಿ. ಪರದೆ ನೋಡಲು ಚೆನ್ನಾಯಿತು. ಕೋಚ್ ಬೆನ್ನು ತಟ್ಟಿದರು. ಸ್ವಲ್ಪ ದಿನಕ್ಕೆ ಬಣ್ಣ ಬದಲಿಸು ಎಂದು ತಾವೇ ಹೇಳಿದ್ದನ್ನೂ ಅವರು ಮರೆತರು.

ಇನ್ನೊಂದು ಮಾತು. ಮೈದಾನದಲ್ಲಿ ಗ್ಯಾಲರಿಯ ನೆರಳು ಬೀಳುತ್ತಿದ್ದದ್ದು ಓಡಿಬರುವ ದಾರಿಯ ಎಡಕ್ಕೆ. ಬಲಕ್ಕೆ ಬರೀ ಬಿಸಿಲು. ಬಿಸಿಲಿನಲ್ಲಿ ಲ್ಯಾಪ್‌ಟಾಪಿನ ಪರದೆ ಕಾಣಿಸುವುದಿಲ್ಲ, ನೆತ್ತಿಯೂ ಸುಡುತ್ತದೆ. ಹೀಗಾಗಿ ಕ್ಯಾಮೆರಾ ಯಾವಾಗಲೂ ಎಡಗಡೆಯೇ. ಆ ಹಾಸ್ಟೆಲ್ಲಿನಲ್ಲಿ ಎಲ್ಲ ಹುಡುಗಿಯರ ಎಡಗಾಲೂ ಚೆನ್ನಾಗಿ ಕಾಣುತ್ತಿತ್ತು.

ಅಲ್ಲಿ ಹುಲಿಗೆಮ್ಮ ಎಂಬ ಹುಡುಗಿ ಇದ್ದಳು. ಕೊಪ್ಪಳದ ಕಡೆಯವಳು. ಟ್ರಿಪಲ್ ಜಂಪ್ ಅವಳ ಆಟ. ಓಡಿಬಂದು ಒಂದು ಕಾಲಿನಿಂದ ಹಾರಿ ಅದೇ ಕಾಲಿನ ಮೇಲೆ ಇಳಿಯಬೇಕು. ಅಲ್ಲಿಂದ ಹಾರಿ ಇನ್ನೊಂದು ಕಾಲಿನ ಮೇಲೆ, ಅಲ್ಲಿಂದ ಮರಳಿಗೆ. ಮೊದಲ ಸಲ ಇಳಿಯುವಾಗ ಇಡೀ ಮೈಯ ಭಾರ ಒಂದೇ ಕಾಲಿನ ಮೇಲೆ ದಬ್ಬೆಂದು ಬೀಳುತ್ತದೆ. ಹುಲಿಗೆಮ್ಮ ಇಳಿಯುತ್ತಿದ್ದದ್ದು ಬಲಗಾಲಿನ ಮೇಲೆ.

ಅವಳಿಗೆ ಜಿಗಿತ ಬಿಟ್ಟರೆ ಬೇರೆ ಏನೂ ಬೇಕಿರಲಿಲ್ಲ. ಗಾಳಿಯಲ್ಲಿ ಇರುವಷ್ಟು ಹೊತ್ತು ತಾನು ಯಾರ ಮಗಳೂ ಅಲ್ಲ, ಯಾವ ಊರಿನವಳೂ ಅಲ್ಲ ಅನ್ನಿಸುತ್ತದೆ ಎಂದು ಗೆಳತಿಯರ ಹತ್ತಿರ ಹೇಳುತ್ತಿದ್ದಳು. ಅವರು ನಗುತ್ತಿದ್ದರು. ಅವಳೂ ನಗುತ್ತಿದ್ದಳು. ರಾಜ್ಯ ತಂಡದ ಆಯ್ಕೆ ಹತ್ತಿರ ಬಂದಿತ್ತು, ಆ ಸಲ ಅವಳ ಹೆಸರು ಬರುವುದು ಖಾತ್ರಿ ಎಂದು ಎಲ್ಲರೂ ಮಾತಾಡಿಕೊಳ್ಳುತ್ತಿದ್ದರು.

ಒಂದು ದಿನ ಅಭ್ಯಾಸ ಮುಗಿದ ಮೇಲೆ ಹುಲಿಗೆಮ್ಮ ಕೋಚ್ ಹತ್ತಿರ ಬಂದು ನಿಂತಳು.

"ಸರ, ಬಲಗಾಲ ಮೊಣಕಾಲು ನೋಯಾಕತ್ತೈತ್ರಿ. ಚಿಪ್ಪಿನ ಕೆಳಗ. ಇಳಿಯೂ ಮುಂದ ಸೂಜಿಲೆ ಚುಚ್ಚಿದಂಗ ಆಗ್ತೈತ್ರಿ."

ಹಳೆಯ ಅಂದಾನಪ್ಪ ಆಗಿದ್ದರೆ ಮೆಟ್ಟಿಲ ಕಡೆ ಕೈ ತೋರಿಸುತ್ತಿದ್ದರು. ಮೆಟ್ಟಿಲುಗಳು ಅಲ್ಲೇ ಇದ್ದವು, ಹತ್ತು ಹೆಜ್ಜೆಯೂ ದೂರವಿರಲಿಲ್ಲ. ಆದರೆ ಈಗ ಅವರ ಹತ್ತಿರ ಯಂತ್ರ ಇತ್ತು. "ನಿಂದ ಇವತ್ತಿನ ಜಿಗಿತ ನೋಡೂಣು ನಡಿ" ಅಂದರು. "ಈರೇಶ, ಈಕಿ ಬಲಗಾಲಿನ ಗೆರಿ ತಗಿ. ಅದರಾಗ ಏನರ ಕಂಡ್ರ ರಜಾ ಕೊಡ್ತೀನಿ. ಕಾಣಲಿಲ್ಲಂದ್ರ ಸುಮ್ನ ಜಿಗೀಬೇಕು ನೋಡವಾ."

ಮಾತು ನ್ಯಾಯವಾಗಿಯೇ ಕೇಳಿಸಿತು. ಹುಲಿಗೆಮ್ಮ ತಲೆಯಾಡಿಸಿದಳು.

ಈರೇಶ ಚುಕ್ಕಿ ಇಟ್ಟ, ವಿಡಿಯೊ ಓಡಿಸಿದ. ಹುಲಿಗೆಮ್ಮ ಪರದೆಯ ಮೇಲೆ ಓಡಿಬಂದಳು, ಹಾರಿದಳು, ಬಲಗಾಲಿನ ಮೇಲೆ ಇಳಿದಳು. ಆ ಕ್ಷಣಕ್ಕೆ ಸರಿಯಾಗಿ ಎಡಗಾಲು ಮುಂದಕ್ಕೆ ಬೀಸಿ ಬಂದು ಬಲ ಮೊಣಕಾಲನ್ನು ಪೂರ್ತಿ ಮುಚ್ಚಿತು. ಕ್ಯಾಮೆರಾ ಎಡಗಡೆ ಇತ್ತಲ್ಲ! ಚುಕ್ಕಿ ಎಡ ಮೊಣಕಾಲಿಗೆ ನೆಗೆಯಿತು, ಗೆರೆ ಚೂಪಾಗಿ ಮೇಲೆದ್ದಿತು.

ಈರೇಶನಿಗೆ ಇದು ಕಂಡಿತು. ಭಾರ ಬಿದ್ದ ಗಳಿಗೆಯಲ್ಲಿ ಬಲ ಮೊಣಕಾಲು ಏನಾಯಿತು ಎಂಬುದು ಆ ವಿಡಿಯೊದಲ್ಲಿ ಎಲ್ಲಿಯೂ ಇಲ್ಲ ಎಂದು ಅವನಿಗೆ ಅರ್ಥವಾಯಿತು. ಕೇಳಿದ ಪ್ರಶ್ನೆ ಯಾವುದೋ ಅದಕ್ಕೇ ಉತ್ತರ ಇರಲಿಲ್ಲ. ಅವನು ಹೇಳಬೇಕಿದ್ದದ್ದು ಒಂದೇ ಮಾತು. "ಸರ, ಕಾಣಂಗಿಲ್ರಿ. ನಾಳೆ ಕ್ಯಾಮೆರಾ ಬಿಸಲಾಗ ಆ ಕಡೆ ಇಟ್ಟು ನೋಡೂಣ್ರಿ."

ಆದರೆ ಕೋಚ್ ಅವನ ಭುಜದ ಹಿಂದೆಯೇ ನಿಂತಿದ್ದರು. ಊಟದ ಹೊತ್ತು ಮೀರಿತ್ತು. ಹಲ್ಲು ಬಿದ್ದ ಬಾಯಿ ಎಂದು ಮತ್ತೆ ಬೈಸಿಕೊಳ್ಳುವುದು ಅವನಿಗೆ ಬೇಡವಾಗಿತ್ತು. ಇಷ್ಟು ಚೂರಿನಿಂದ ಏನಾದೀತು ಅಂದುಕೊಂಡ. ತಪ್ಪು ಚುಕ್ಕಿ ಅಳಿಸಿದ, ಗುಂಡಿ ಒತ್ತಿದ. ಗೆರೆ ಹಳ್ಳದ ಈ ದಡದಿಂದ ಆ ದಡಕ್ಕೆ ಸೇತುವೆ ಹಾಕಿದ ಹಾಗೆ ನುಣ್ಣಗೆ ಕೂಡಿಕೊಂಡಿತು. ಹಳ್ಳ ಎಷ್ಟು ಆಳವಿತ್ತು ಎಂದು ಯಾರೂ ನೋಡಲಿಲ್ಲ.

"ನೋಡವಾ ಹುಲಿಗಿ" ಎಂದು ಕೋಚ್ ಪರದೆಯ ಮೇಲೆ ಬೆರಳಿಟ್ಟರು. "ಎಡಗಾಲು ಹೆಂಗೈತೋ ಬಲಗಾಲೂ ಹಂಗ ಐತಿ. ಒಂದರ ಕೊಂಕು ಐತೇನು? ಎಲ್ಲೈತಿ ನೋವು, ನನಗ ತೋರ್ಸು."

"ಇದರಾಗ ಕಾಣಂಗಿಲ್ರಿ ಸರ. ಒಳಗೈತ್ರಿ."

"ಒಳಗಂದ್ರ ತಲಿಯೊಳಗ. ಆಯ್ಕಿ ಹತ್ರ ಬಂತಂದ್ರ ಎಲ್ಲಾರ್ಗೂ ಹಿಂಗ ಆಗೂದು. ಅಂಜಿಕಿ ಅದು."

ಪಕ್ಕದಲ್ಲಿದ್ದ ಹುಡುಗಿಯರು ಕಿಸಕ್ಕೆಂದರು. ಹುಲಿಗೆಮ್ಮನ ಕಿವಿ ಕೆಂಪಾದವು. ಕೋಚ್ ಹೋದ ಮೇಲೆ ಅವಳು ಈರೇಶನ ಹತ್ತಿರ ಬಗ್ಗಿ ಮೆಲ್ಲಗೆ ಕೇಳಿದಳು. "ಅಣ್ಣಾ, ಖರೇನ ಸರಿ ಐತೇನು?"

ದೇವರು ಅವನಿಗೆ ಎರಡನೆಯ ಅವಕಾಶ ಕೊಟ್ಟಿದ್ದ. ಈರೇಶ ಲ್ಯಾಪ್‌ಟಾಪ್ ಮುಚ್ಚುತ್ತ, ತಲೆ ಎತ್ತದೆ, "ಗೆರಿ ಸರಿ ಐತವಾ" ಅಂದ.

ಗೆರೆ ನೋಡಲು ಸರಿಯಾಗಿಯೇ ಇತ್ತು, ಅದರಲ್ಲಿ ಸುಳ್ಳೇನಿಲ್ಲ. ಆದರೆ ಆ ಹುಡುಗಿ ಕೇಳಿದ್ದು ತನ್ನ ಕಾಲಿನ ಮಾತು. ಇಂಥ ಉತ್ತರಗಳನ್ನು ಕೇಳಿದರೆ ನನಗೆ ಮೈಯೆಲ್ಲ ಉರಿಯುತ್ತದೆ. ಸುಳ್ಳು ಹೇಳಿದವನನ್ನು ಹಿಡಿದು ನಿಲ್ಲಿಸಿ ಕೇಳಬಹುದು. ಇವನನ್ನು ಏನೆಂದು ಕೇಳುವುದು?

ಅವತ್ತಿನಿಂದ ಹುಲಿಗೆಮ್ಮ ನೋವಿನ ಮಾತು ಬಿಟ್ಟಳು. ನೋವು ಅವಳನ್ನು ಬಿಡಲಿಲ್ಲ. ಒಂದು ಸಲ ಊರಿನಿಂದ ಅವ್ವ ಫಕೀರವ್ವ ಫೋನ್ ಮಾಡಿದಾಗ ಬಾಯಿ ತಪ್ಪಿ ಹೇಳಿಬಿಟ್ಟಳು.

"ಕಾಲು ನೋಯ್ತಿದ್ರ ಬಂದುಬಿಡ ನಮ್ಮವ್ವ" ಅಂದಳು ಫಕೀರವ್ವ. "ಜಿಗ್ಯೂದ ಯಾವಾಗರ ಜಿಗದ್ರಾತು."

"ನೋವು ಇಲ್ಲಂತ ಬೇ. ಕಂಪ್ಯೂಟರಿನಾಗ ನೋಡ್ಯಾರ. ಎಲ್ಲಾ ಸರಿ ಐತಂತ. ನನ್ನ ಮನಸ ನೆಟ್ಟಗಿಲ್ಲ, ಅದಕ್ಕ ಹಂಗ ಅನಸ್ತೈತಿ."

ತನ್ನ ಕಾಲು ತನಗೆ ಹೇಳುತ್ತಿದ್ದದ್ದನ್ನು ಆ ಹುಡುಗಿ ನಂಬದೆ ಹೋದಳು. ಮುರಿದ ಕಾಲನ್ನು ಕಟ್ಟುವವರಿದ್ದಾರೆ, ಈ ನಂಬಿಕೆಯನ್ನು ಕಟ್ಟುವವರು ಯಾರು?

ನಡುವೆ ಒಂದು ದಿನ ಅವಳು ಮೊಣಕಾಲಿಗೆ ಬಿಗಿಪಟ್ಟಿ ಸುತ್ತಿಕೊಂಡು ಮೈದಾನಕ್ಕೆ ಬಂದಳು. ಈರೇಶ ದೂರದಿಂದಲೇ ಕೂಗಿದ. "ಹುಲಿಗಿ, ಆ ಪಟ್ಟಿ ಬಿಚ್ಚವಾ. ಅದಿದ್ರ ಚುಕ್ಕಿ ನಿಲ್ಲಂಗಿಲ್ಲ, ಜಾರ್ತೈತಿ." ಕೋಚ್ ಹೌದೆಂದು ತಲೆಯಾಡಿಸಿದರು. ಮೊಣಕಾಲಿಗೆ ಆಸರೆಯಾಗಿದ್ದ ಪಟ್ಟಿಯನ್ನು ಮೊಣಕಾಲು ಅಳೆಯುವುದಕ್ಕೆ ಅಡ್ಡವೆಂದು ಬಿಚ್ಚಿಸಿದರು. ಅವಳು ಕೂತು ಬಿಚ್ಚಿದಳು, ಸುತ್ತಿ ಚೀಲದಲ್ಲಿ ಇಟ್ಟಳು, ಎದ್ದು ಹೋಗಿ ಜಿಗಿದಳು. ಗೆರೆ ಅವತ್ತೂ ನುಣ್ಣಗೆ ಬಂತು.

ಆಯ್ಕೆಯ ದಿನ ಬಂತು. ಬೇರೆ ಬೇರೆ ಜಿಲ್ಲೆಗಳಿಂದ ಹುಡುಗಿಯರು ಬಂದಿದ್ದರು. ಗ್ಯಾಲರಿ ತುಂಬಿತ್ತು. ಹುಲಿಗೆಮ್ಮನ ಸರದಿ ಬಂದಾಗ ಅಂದಾನಪ್ಪ, "ಏನೂ ವಿಚಾರ ಮಾಡಬ್ಯಾಡ, ಜಿಗಿ" ಎಂದು ಕೂಗಿದರು. ಅವಳು ಓಡಿಬಂದಳು. ಜಿಗಿಯುವ ಹಲಗೆಯ ಮೇಲೆ ಕಾಲಿಟ್ಟು ಹಾರಿದಳು. ಅಷ್ಟು ಎತ್ತರ ಅವಳು ಹಿಂದೆ ಹಾರಿರಲಿಲ್ಲ ಎಂದು ನೋಡಿದವರು ಹೇಳುತ್ತಾರೆ.

ಬಲಗಾಲಿನ ಮೇಲೆ ಇಳಿದಳು. ಬಟ್ಟೆ ಹರಿದಂಥ ಸದ್ದು ಗ್ಯಾಲರಿಯವರೆಗೆ ಕೇಳಿಸಿತು. ಮೊಣಕಾಲ ಚಿಪ್ಪು ಇದ್ದ ಜಾಗ ಬಿಟ್ಟು ತೊಡೆಯ ಕಡೆಗೆ ಸರಿಯಿತು. ಹುಲಿಗೆಮ್ಮ ಮರಳಿನ ತನಕ ಮುಟ್ಟಲಿಲ್ಲ, ಓಡುದಾರಿಯಲ್ಲೇ ಮುಗ್ಗರಿಸಿ ಬಿದ್ದಳು. ಅವಳ ಕೂಗು ಕೇಳಿ ಮುಂದಿನ ಸರದಿಗೆ ನಿಂತಿದ್ದ ಹುಡುಗಿ ಕಿವಿ ಮುಚ್ಚಿಕೊಂಡಳು.

ಆಸ್ಪತ್ರೆಯಲ್ಲಿ ಡಾಕ್ಟರು ಕೋಚನ್ನು ಹೊರಗೆ ಕರೆದರು.

"ಚಿಪ್ಪು ಹಿಡ್ಕೊಂಡಿರೂ ಒಳಗಿನ ಸ್ನಾಯು ಪೂರಾ ಹರದೈತಿ. ಹೊಲೀತೀವಿ. ನಡಿತಾಳ, ಆದ್ರ ಜಿಗ್ಯೂದನ್ನ ಮರ್ತುಬಿಡ್ರಿ" ಅಂದರು. ಆಮೇಲೆ ಕನ್ನಡಕ ತೆಗೆದು ಒರೆಸುತ್ತ, "ಇದು ಇವತ್ತ ಒಂದ ಸಲಕ್ಕ ಹರದದ್ದಲ್ರಿ. ಭಾಳ ದಿನದಿಂದ ಎಳಿ ಎಳಿ ಬಿಚ್ಕೋತ ಬಂದೈತಿ. ನೋವು ಇದ್ದ ಇರತೈತಿ. ಹುಡುಗಿ ಯಾರಿಗೂ ಹೇಳಲಿಲ್ಲೇನು?" ಎಂದು ಕೇಳಿದರು.

ಅಂದಾನಪ್ಪ ಒಳಗೆ ಹೋಗಿ ಮಂಚದ ಪಕ್ಕ ನಿಂತರು. ಮನುಷ್ಯ ತನ್ನ ತಪ್ಪು ಹೊರಲಾರದಾಗ ಅದನ್ನು ಇನ್ನೊಬ್ಬರ ತಲೆಗೆ ಕಟ್ಟಲು ನೋಡುತ್ತಾನೆ. ಅವರೂ ನೋಡಿದರು.

"ಇಷ್ಟು ನೋವಿದ್ರ ಗಟ್ಟಿಯಾಗಿ ಹೇಳಬೇಕಿಲ್ಲೇನವಾ?"

ಹುಲಿಗೆಮ್ಮ ಗೋಡೆ ಕಡೆ ಮುಖ ಮಾಡಿದ್ದಳು. ತಿರುಗದೆಯೇ ಹೇಳಿದಳು.

"ಹೇಳಿದ್ನೆಲ್ರಿ ಸರ. ನೀವು ಗೆರಿ ತೋರಿಸಿದ್ರಿ."

ಅವಳು ಬೈದಿದ್ದರೆ ಅವರು ಬೈಸಿಕೊಂಡು ಹಗುರಾಗುತ್ತಿದ್ದರು.

ಅಂದಾನಪ್ಪ ಆಸ್ಪತ್ರೆಯಿಂದ ನೇರ ಹಾಸ್ಟೆಲ್ಲಿಗೆ ಬಂದರು. ಈರೇಶನ ಕೋಣೆಗೆ ಹೋಗಿ, ಹುಲಿಗೆಮ್ಮ ನೋವೆಂದು ಹೇಳಿದ ದಿನದ ವಿಡಿಯೊ ಹಾಕಲು ಹೇಳಿದರು. ಈರೇಶ ವಿಡಿಯೊ ಹಾಕಿದ. ಅವನು ಎಲ್ಲವನ್ನೂ ಬಾಯಿಬಿಟ್ಟ. ಚುಕ್ಕಿ ನೆಗೆದದ್ದು, ತಾನು ಗುಂಡಿ ಒತ್ತಿದ್ದು.

"ಮಸುಕು ಬಣ್ಣ ಇದ್ದಿದ್ರ ನಿಮಗ ತಿಳೀತಿತ್ರಿ ಸರ" ಅಂದ.

"ಮಸುಕು ಬಣ್ಣ ತಗಿ ಅಂದಾಂವ ಯಾರು?"

ಉತ್ತರ ಇಬ್ಬರಿಗೂ ಗೊತ್ತಿತ್ತು.

"ಚುಕ್ಕಿ ತಗಿ" ಅಂದರು ಅಂದಾನಪ್ಪ.

"ಯಾವ ಚುಕ್ಕಿ ತಗೀಲ್ರಿ?"

"ಎಲ್ಲಾ ತಗಿ. ಗೆರಿನೂ ತಗಿ. ಬರೇ ಹುಡುಗಿ ಇರ್ಲಿ."

ಚುಕ್ಕಿಗಳು ಹೋದವು. ಗೆರೆಗಳು ಹೋದವು. ಪರದೆಯ ಮೇಲೆ ಹುಲಿಗೆಮ್ಮ ಓಡಿಬಂದಳು, ಹಾರಿದಳು, ಬಲಗಾಲಿನ ಮೇಲೆ ಇಳಿದಳು. ಅಂದಾನಪ್ಪ ಅಲ್ಲಿ ನಿಲ್ಲಿಸು ಅಂದರು. ರೂಢಿಯಂತೆ ಅವರ ಕಣ್ಣು ಮೊದಲು ಕಾಲಿಗೆ ಹೋಯಿತು. ಬಲ ಮೊಣಕಾಲು ಎಡಗಾಲಿನ ಹಿಂದೆ ಮರೆಯಾಗಿತ್ತು, ಅಲ್ಲಿ ನೋಡಲು ಏನೂ ಇರಲಿಲ್ಲ. ಆಗ ಕಣ್ಣು ಮೇಲಕ್ಕೆ ಹೋಯಿತು.

ಹುಡುಗಿಯ ಕಣ್ಣು ಬಿಗಿಯಾಗಿ ಮುಚ್ಚಿದ್ದವು. ಕೆಳತುಟಿ ಹಲ್ಲಿನ ನಡುವೆ ಸಿಕ್ಕು ಬಿಳುಚಿತ್ತು. ಕತ್ತಿನ ನರ ಉಬ್ಬಿದ್ದವು. ಚಿಕ್ಕ ಮಗು ನೋಡಿದ್ದರೂ ಇವಳಿಗೆ ನೋವಾಗುತ್ತಿದೆ ಎಂದು ತಿಳಿಯುತ್ತಿತ್ತು.

ಮುಂದಿನ ವಿಡಿಯೊ ಹಾಕಿಸಿದರು. ಇಳಿಯುವ ಗಳಿಗೆಗೆ ಅದೇ ಮುಖ. ಪಟ್ಟಿ ಬಿಚ್ಚಿಸಿದ ದಿನದ್ದು ಹಾಕಿಸಿದರು. ಆ ಮುಖವನ್ನು ಅವರಿಗೆ ಪೂರ್ತಿ ನೋಡಲಾಗಲಿಲ್ಲ. ಎಷ್ಟು ಜಿಗಿತ ಜಿಗಿದಿದ್ದಳೋ ಅಷ್ಟರಲ್ಲೂ ಆ ಮುಖ ಇತ್ತು, ಒಂದೊಂದು ಸಲವೂ ಹೆಚ್ಚು ಕಿವುಚಿಕೊಂಡು. ಕ್ಯಾಮೆರಾಕ್ಕೆ ಮುಖ ಒಂದು ದಿನವೂ ಮರೆಯಾಗಿರಲಿಲ್ಲ. ಆದರೆ ಮುಖದಲ್ಲಿ ಅಳೆಯುವಂಥ ಕೀಲು ಯಾವುದೂ ಇಲ್ಲ. ಹಾಗಾಗಿ ಅಲ್ಲಿ ಯಾರೂ ಚುಕ್ಕಿ ಇಟ್ಟಿರಲಿಲ್ಲ, ಚುಕ್ಕಿ ಇಲ್ಲದ ಕಡೆ ಯಾರೂ ನೋಡಿರಲಿಲ್ಲ.

"ದಿನಾ ಇದರ ಮುಂದ ಕುಂದ್ರತಿದ್ದಿ. ಇದು ನಿನಗ ಕಾಣಲಿಲ್ಲೇನಲೇ?"

"ಇಲ್ರಿ ಸರ" ಅಂದ ಈರೇಶ. ಅವನು ಅಳುತ್ತಿದ್ದ. "ನೀವು ಮೈದಾನದಾಗ ಆಕಿ ಎದುರಿಗೇ ಇರ್ತಿದ್ರಿ. ನಿಮಗ?"

ಅಂದಾನಪ್ಪ ಪರದೆಯ ಮುಂದಿನಿಂದ ಏಳಲಿಲ್ಲ. ಈರೇಶ ಪರದೆ ಆರಿಸಲೇ ಎಂದು ಕೇಳಿದಾಗ ಬೇಡವೆಂದು ಕೈಯಾಡಿಸಿದರು.

ಹುಲಿಗೆಮ್ಮ ಈಗ ಊರಿನಲ್ಲಿದ್ದಾಳೆ. ನಡೆಯುತ್ತಾಳೆ. ಮೆಟ್ಟಿಲು ಇಳಿಯುವಾಗ ಗೋಡೆ ಹಿಡಿಯುತ್ತಾಳೆ. ಹಾಸ್ಟೆಲ್ಲಿನಲ್ಲಿ ಗೆರೆಗೆ ಮತ್ತೆ ಮಸುಕು ಬಣ್ಣ ಬಂದಿದೆ, ಬಿಸಿಲಿನಲ್ಲಿ ಇನ್ನೊಂದು ಕ್ಯಾಮೆರಾ ನಿಂತಿದೆ. ಇದೆಲ್ಲ ಬೇರೆ ಹುಡುಗಿಯರಿಗೆ ಆಯಿತು, ಅವಳಿಗೆ ಆಗಲಿಲ್ಲ. ಕೋಚ್ ಕ್ಷಮೆ ಕೇಳಲು ಅವಳ ಊರಿಗೆ ಹೋಗಿದ್ದರು. ಅವಳು ಚಹಾ ಮಾಡಿಕೊಟ್ಟಳು, ಕುಡಿದು ಮುಗಿಸುವ ತನಕ ಎದುರಿಗೆ ಕೂತಿದ್ದಳು. "ಕಾಲು ಹೆಂಗೈತವಾ?" ಎಂದು ಅವರು ಕೇಳಿದರು. ಅವಳು ಅವರ ಮುಖವನ್ನೇ ನೋಡಿದಳು.

"ನಾ ಹೇಳಿದ್ರ ನಂಬ್ತೀರೇನ್ರಿ ಸರ?" ಅಂದಳು.

ನೀತಿ: ಕಾಣದೆ ಇದ್ದದ್ದನ್ನು ಕಾಣಲಿಲ್ಲ ಎಂದೇ ಹೇಳಬೇಕು. ಊಹೆಗೆ ನಿಜದ ಬಣ್ಣ ಬಳಿದು ಕೊಟ್ಟವನೂ ಅದನ್ನು ಕೇಳಿ ಪಡೆದವನೂ ಸಮಾನ ತಪ್ಪಿತಸ್ಥರು, ಅದರ ಫಲವನ್ನು ಉಣ್ಣುವವರು ಮಾತ್ರ ಬೇರೆಯವರು. ಮತ್ತು ಒಬ್ಬರು ನೋವಾಗುತ್ತಿದೆ ಎಂದು ನಿಮ್ಮ ಎದುರು ಬಂದು ನಿಂತಾಗ, ಮಕ್ಕಳೇ, ಮೊದಲು ಅವರ ಮುಖ ನೋಡಿ. ಅಳತೆಗೋಲು ಆಮೇಲೆ.